ಕ್ರಿಸ್ಮಸ್‌ನ ಹೊಸ ಹಾಡು: ಶನಿವಾರದ ಅಭ್ಯಾಸಕ್ಕೆ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಮಕ್ಕಳ ಗಾಯನವೃಂದ ಮತ್ತು ಆರ್ಗನ್‌ಗಾಗಿ ಬರೆಯುತ್ತಿದ್ದ ಹಾಡು ನಿನ್ನೆ ರಾತ್ರಿ ಮುಗಿಯಿತು. ಸ್ವರಲಿಪಿಯನ್ನು ಇಲ್ಲಿಯೇ ಹಾಕುತ್ತಿದ್ದೇನೆ. ದಯವಿಟ್ಟು ಮುದ್ರಿಸಿಕೊಂಡು ಬನ್ನಿ, ಉಸಿರಿನ ಗುರುತುಗಳನ್ನು ಪೆನ್ಸಿಲಿನಲ್ಲಿ ಹಾಕಿಕೊಳ್ಳಬೇಕು.

ಎರಡನೆಯ ಚರಣ ಬದಲಾಗಿದೆ. ‘ಗೋದಲಿ’ ಪದದ ಕೊನೆಯ ‘ಲಿ’ ಮೇಲಿನ ಎಫ್ ಸ್ವರಕ್ಕೆ ಬೀಳುತ್ತಿತ್ತು. ಆ ಎತ್ತರದಲ್ಲಿ ‘ಇ’ಕಾರ ಹಿಡಿದರೆ ಎಳೆಯ ಗಂಟಲು ಬಿಗಿಯುತ್ತದೆ. ಕಳೆದ ವಾರ ಆ ಜಾಗ ಬಂದಾಗಲೆಲ್ಲ ಮುಂದಿನ ಸಾಲಿನ ಮಕ್ಕಳ ಭುಜಗಳು ಕಿವಿಯವರೆಗೆ ಏರುತ್ತಿದ್ದವು, ನೋಡಿ ಸಂಕಟವಾಯಿತು. ತಪ್ಪು ಅವರದಲ್ಲ, ರಾಗ ಕಟ್ಟಿದ ನನ್ನದು. ಈಗ ರಾಗದ ಶಿಖರವನ್ನು ‘ಡಿ’ಗೆ ಇಳಿಸಿ ದೀರ್ಘವಾದ ‘ಗೋ’ ಮೇಲೆ ಇಟ್ಟಿದ್ದೇನೆ. ‘ದಲಿ’ ಎರಡು ಹ್ರಸ್ವಗಳಾಗಿ ಮೆಲ್ಲನೆ ಕೆಳಗಿಳಿಯುತ್ತದೆ, ಮಾತಿನಲ್ಲಿ ಇಳಿಯುವಂತೆಯೇ.

ಆರ್ಗನ್ ನುಡಿಸುವವರಿಗೆ: ಮೊದಲ ಚರಣಕ್ಕೆ 8 ಅಡಿಯ ಫ್ಲೂಟ್ (ಬರೆದ ಎತ್ತರದಲ್ಲೇ ನುಡಿಯುವ, ಕೊಳಲಿನಂಥ ಮೆದು ಧ್ವನಿಯ ಕೊಳವೆಗಳ ಸಾಲು) ಒಂದೇ ಸಾಕು. 16 ಅಡಿಯ ಪೆಡಲ್ (ಕಾಲಿನಿಂದ ನುಡಿಸುವ, ಒಂದು ಸಪ್ತಕ ಕೆಳಗಿನ ಗಂಭೀರ ಧ್ವನಿ) ಕೊನೆಯ ಪಲ್ಲವಿಯವರೆಗೂ ಬೇಡ. ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಕ್ರಿಸ್ಮಸ್ ಮುನ್ನಾದಿನದ ಆರಾಧನೆಗೆ ಹೊಸ ಕ್ಯಾರಲ್ (ಕ್ರಿಸ್ಮಸ್ ಹಾಡು) ಬರೆಸುವ ರೂಢಿ 1983ರಿಂದ ಇದೆ. ಅಲ್ಲಿಗಾಗಿ 1985ರಲ್ಲಿ ಬ್ರಿಟಿಷ್ ಸಂಗೀತ ಸಂಯೋಜಕಿ ಜುಡಿತ್ ವಿಯರ್ ಬರೆದ ಕ್ಯಾರಲನ್ನು ಒಮ್ಮೆ ಕೇಳಿ. ಆರ್ಗನ್ ಬಹಳ ಮಿತವಾಗಿ ಬರುತ್ತದೆ. ಅದಕ್ಕೇ ಅದು ಬಂದಾಗ ಮೈ ಜುಮ್ಮೆನ್ನುತ್ತದೆ.

ಶನಿವಾರ ಸಂಜೆ 4 ಗಂಟೆಗೆ ಚಿಕ್ಕ ಮಕ್ಕಳು, 5ಕ್ಕೆ ದೊಡ್ಡವರು. ಶೀತವಾಗಿರುವ ಮಕ್ಕಳನ್ನೂ ಕಳುಹಿಸಿ. ಹಾಡಿಸುವುದಿಲ್ಲ, ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಲಿ.