ನಿನ್ನ ಲೇಖನದ ಮೊದಲ ಪ್ಯಾರಾ ತೆಗೆದುಹಾಕು

ಪ್ರೀತಿಯ ತಂಗಿ,

ನೀನು ಕಳಿಸಿದ ಲೇಖನ ಓದಿದೆ. ಸರ್ಕಾರವನ್ನು ಟೀಕಿಸಿದರೆ ದ್ರೋಹವಾಗುತ್ತದಾ ಎಂಬ ನಿನ್ನ ಪ್ರಶ್ನೆಯನ್ನೂ ನೋಡಿದೆ. ಕೇರಳದ ಗಡಿಜಿಲ್ಲೆಯಾದ ನಮ್ಮ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದ್ದು, ಗಣಿತದ ಪೀರಿಯಡ್ಡಿನಲ್ಲಿ ಮಕ್ಕಳು ಏನೂ ಅರ್ಥವಾಗದೆ ಸುಮ್ನೆ ಕೂತಿರುವುದು, ಮಲಯಾಳದಲ್ಲಿರುವ ಅರ್ಜಿ ಫಾರಂ ಹಿಡಿದುಕೊಂಡು ನಿನ್ನ ಅಜ್ಜಿ ಪಕ್ಕದ ಮನೆಯ ಹುಡುಗನಿಗಾಗಿ ಕಾಯುವುದು, ಎಲ್ಲವೂ ಕಣ್ಣಿಗೆ ಕಟ್ಟುವ ಹಾಗೆ ಬಂದಿದೆ. ಆದರೆ ಅಲ್ಲಿಗೆ ತಲುಪುವ ಮೊದಲು ಒಂದು ಇಡೀ ಪ್ಯಾರಾ ದಾಟಬೇಕು. ನಾನು ದೇಶವನ್ನು ಪ್ರೀತಿಸುವವಳು, ಕೇರಳವನ್ನು ಗೌರವಿಸುವವಳು, ಯಾರನ್ನೂ ನೋಯಿಸುವ ಉದ್ದೇಶ ನನಗಿಲ್ಲ ಎಂದು ಅದರಲ್ಲಿ ಬರೆದಿದ್ದೀಯ. ಆ ಪ್ಯಾರಾವನ್ನು ತೆಗೆದುಹಾಕು.

ನಿನ್ನ ಪ್ರೀತಿ ಸುಳ್ಳು ಅಂತ ಅಲ್ಲ. ಯಾರೂ ಕೇಳದೆಯೇ ನೀನು ಕಟಕಟೆಗೆ ಹತ್ತಿ ನಿಂತಿದ್ದೀಯ, ಅದಕ್ಕೆ. ಮಕ್ಕಳಿಗೆ ಪಾಠ ಅರ್ಥವಾಗುತ್ತಿಲ್ಲ ಎಂದು ಹೇಳುವವರು ಮೊದಲು ತಮ್ಮ ನಿಷ್ಠೆಗೆ ಪುರಾವೆ ಕೊಡಬೇಕು ಎಂಬ ನಿಯಮ ಎಲ್ಲೂ ಇಲ್ಲ. ನೀನಾಗಿ ಅದನ್ನು ಒಪ್ಪಿಕೊಂಡರೆ ನಿನ್ನ ನಂತರ ಬರೆಯುವವರಿಗೂ ಅದೇ ರೂಢಿಯಾಗುತ್ತದೆ.

ನಿನ್ನ ಮಾವ ಹೇಳಿದ ಮಾತನ್ನೂ ಪತ್ರದಲ್ಲಿ ಬರೆದಿದ್ದೀಯ. 'ತಿನ್ನುವುದು ಈ ಸರ್ಕಾರದ ರೇಷನ್, ಓದಿದ್ದು ಈ ಸರ್ಕಾರದ ಶಾಲೆ, ನಾಳೆ ಸರ್ಕಾರಿ ಕೆಲಸಕ್ಕೆ ಪಿಎಸ್‌ಸಿ ಪರೀಕ್ಷೆ ಬರೆಯುವವಳು ನೀನು. ಉಂಡ ಮನೆಗೆ ಎರಡು ಬಗೆಯಬೇಡ.' ಮಾವನ ಮೇಲೆ ಸಿಟ್ಟಾಗಬೇಡ. ಗಡಿಯಲ್ಲಿ ಬದುಕಿದವರ ಭಯ ಅದು, ಸುಮ್ನೆ ಹುಟ್ಟಿದ್ದಲ್ಲ. ಆದರೆ ಉಂಡ ಮನೆ ಯಾವುದು ಅಂತ ಅವರನ್ನೇ ಕೇಳು. ರೇಷನ್ ಅಕ್ಕಿ ಯಾವ ಮಂತ್ರಿಯ ಗದ್ದೆಯಲ್ಲೂ ಬೆಳೆದದ್ದಲ್ಲ. ನಿನ್ನ ಮಾವ ಅಂಗಡಿಯಲ್ಲಿ ಒಂದು ಸಾಬೂನು ತೆಗೆದುಕೊಂಡರೂ ಅದರಲ್ಲಿ ತೆರಿಗೆ ಇದೆ. ಮನೆ ನಮ್ಮದು. ಸರ್ಕಾರ ಅದನ್ನು ನೋಡಿಕೊಳ್ಳಲು ನಾವು ಐದು ವರ್ಷಕ್ಕೆ ನೇಮಿಸಿದ ಕಾರುಬಾರಿ. ಮಾಡು ಸೋರುತ್ತಿದೆ ಎಂದು ಕಾರುಬಾರಿಗೆ ಹೇಳುವುದು ಮನೆಗೆ ದ್ರೋಹ ಹೇಗಾಗುತ್ತದೆ?

ಕಾಸರಗೋಡಿನಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಈ ತೊಂದರೆ ಬೇರೆಯವರಿಗಿಂತ ಜಾಸ್ತಿ. ನಮ್ಮನ್ನು ಆಳುವ ಸರ್ಕಾರ ತಿರುವನಂತಪುರದಲ್ಲಿದೆ. ನಮ್ಮ ಭಾಷೆಯ ಸರ್ಕಾರ ಬೆಂಗಳೂರಿನಲ್ಲಿದೆ. ಎರಡಕ್ಕೂ ಮೇಲಿನದು ದೆಹಲಿಯಲ್ಲಿ. ಮೊದಲನೆಯದನ್ನು ಟೀಕಿಸಿದರೆ ಕರ್ನಾಟಕದ ಏಜೆಂಟ್ ಅನ್ನುತ್ತಾರೆ. ಎರಡನೆಯದನ್ನು ಟೀಕಿಸಿದರೆ ಕನ್ನಡದ್ರೋಹಿ. ಮೂರನೆಯದಕ್ಕೆ ದೇಶದ್ರೋಹಿ ಎಂಬ ಪದ ಸಿದ್ಧವಾಗಿದೆ. ಈ ಮೂರನ್ನೂ ನಾನು ಕೇಳಿಸಿಕೊಂಡಿದ್ದೇನೆ. ಎಲ್ಲರ ಕೈಯಲ್ಲೂ ಒಳ್ಳೆಯವನು ಅನಿಸಿಕೊಳ್ಳಬೇಕಾದರೆ ಬರೆಯುವುದನ್ನೇ ಬಿಡಬೇಕು.

ನಮ್ಮ ಕಾಸರಗೋಡಿನ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಬದುಕನ್ನು ಒಮ್ಮೆ ನೋಡು. ಬ್ರಿಟಿಷರ ವಿರುದ್ಧದ ಹೋರಾಟದಲ್ಲಿದ್ದವರು ಅವರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಸ್ವತಂತ್ರ ಭಾರತದ ಸರ್ಕಾರವೇ ಎಳೆದ ಗೆರೆಯ ವಿರುದ್ಧ ಜೀವನವಿಡೀ ಮಾತಾಡಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಬೇಕು ಎಂದು 1967ರಲ್ಲಿ ಕೇಂದ್ರ ಗಡಿ ವಿವಾದಕ್ಕಾಗಿ ನೇಮಿಸಿದ ಮಹಾಜನ ಆಯೋಗ ಹೇಳಿತು. ಅದು ಇಂದಿಗೂ ಜಾರಿಯಾಗಿಲ್ಲ. 2015ರಲ್ಲಿ, ನೂರು ತುಂಬಿದ ಮೇಲೆ, ರೈಗಳು ತೀರಿಕೊಂಡರು. ಆ ಬೇಡಿಕೆಯನ್ನು ನೀನು ಒಪ್ಪಬೇಕು ಅಂತ ನಾನು ಹೇಳುತ್ತಿಲ್ಲ. ನಿನ್ನ ತಲೆಮಾರಿನ ಲೆಕ್ಕ ಬೇರೆ ಇರಬಹುದು. ಆದರೆ ಸ್ವಾತಂತ್ರ್ಯಕ್ಕೆ ಹೋರಾಡಿದ ಮನುಷ್ಯ ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವನ್ನು ಪ್ರಶ್ನಿಸಿದ್ದಕ್ಕೆ ದೇಶಪ್ರೇಮ ಕಳೆದುಕೊಂಡರು ಎಂದು ಯಾರಾದರೂ ಎದೆಮುಟ್ಟಿ ಹೇಳಬಲ್ಲರಾ? ಇಲ್ಲಿಂದ ಹತ್ತಿರದ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ತುರ್ತುಪರಿಸ್ಥಿತಿಯಲ್ಲಿ ಪದ್ಮಭೂಷಣವನ್ನೇ ಹಿಂದಿರುಗಿಸಿದರು. ದೇಶ ಕೊಟ್ಟ ಗೌರವವನ್ನು ದೇಶಕ್ಕಾಗಿಯೇ ಬಿಟ್ಟುಕೊಟ್ಟರು.

ಈಗ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯಕ್ಕೆ ಬರುತ್ತೇನೆ. ನಿನಗಿದು ಗೊತ್ತಿರುವ ಕತೆಯೇ. ಆದರೂ ನಿನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಗೇರುತೋಟ ಸರ್ಕಾರದ್ದೇ ಪ್ಲಾಂಟೇಷನ್ ಕಾರ್ಪೊರೇಷನ್ನಿನದು. ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸುರಿದರು. ಗುಡ್ಡದ ಮೇಲೆ ಬಿದ್ದದ್ದು ತೋಡಿಗೆ, ಬಾವಿಗೆ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಕ್ಕೆ ಇಳಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಮನೆಮನೆಯಲ್ಲಿ ಕಾಯಿಲೆ ಕಾಣಿಸಿತು. ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವವರಲ್ಲಿ ಇದನ್ನು ಗಮನಿಸಿ ದಾಖಲಿಸಿದರು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಬರೆದರು. ಪೆರಿಯದ ಕಡೆ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಅವರು ಏನು ಕೆಲಸದಲ್ಲಿದ್ದರು ಗೊತ್ತಾ? ರಾಜ್ಯದ ಕೃಷಿ ಇಲಾಖೆಯಲ್ಲಿ. ಸರ್ಕಾರದ ಸಂಬಳ ತೆಗೆದುಕೊಳ್ಳುವ ಹೆಂಗಸು ಸರ್ಕಾರಿ ಕಾರ್ಪೊರೇಷನ್ನಿನ ವಿರುದ್ಧ ಕೇಸು ಹಾಕಿದರು. ಮಾವನಿಗೆ ಇದನ್ನು ಹೇಳು.

2011ರ ಏಪ್ರಿಲ್‌ನಲ್ಲಿ ಈ ವಿಷದ ಮೇಲೆ ಜಗತ್ತಿನಾದ್ಯಂತ ನಿಷೇಧ ಹೇರುವ ಬಗ್ಗೆ ಜಿನೀವಾದಲ್ಲಿ ಸಭೆ ನಡೆಯಿತು. ನಮ್ಮ ದೇಶದ ಪ್ರತಿನಿಧಿಗಳು ನಿಷೇಧವನ್ನು ವಿರೋಧಿಸಿ, ಕೊನೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಸಿಕ್ಕ ಮೇಲಷ್ಟೇ ಒಪ್ಪಿದರು. ನಿಷೇಧ ಬೇಕು ಅನ್ನುವವರು ಯುರೋಪಿನ ಕಂಪನಿಗಳ ಲಾಭಕ್ಕೆ ಕುಣಿಯುತ್ತಿದ್ದಾರೆ ಎಂದು ಕೀಟನಾಶಕ ಉದ್ಯಮದವರು ಹೇಳುತ್ತಿದ್ದರು. ಸ್ವಲ್ಪ ಯೋಚಿಸು. ಅಂತರರಾಷ್ಟ್ರೀಯ ಸಭೆಯಲ್ಲಿ ಭಾರತ ಸರ್ಕಾರದ ನಿಲುವು ಒಂದು. ಏಳಲಾಗದ ಮಗುವನ್ನು ಮಡಿಲಲ್ಲಿ ಹಾಕಿಕೊಂಡ ಪಡ್ರೆಯ ತಾಯಿಯ ನಿಲುವು ಅದಕ್ಕೆ ಪೂರ್ತಿ ವಿರುದ್ಧ. ಇವರಲ್ಲಿ ದೇಶದ ಪರ ಇದ್ದವರು ಯಾರು? ಅದೇ ವಾರ ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಅವರೇ ಕೇಂದ್ರದ ನಿಲುವನ್ನು ವಿರೋಧಿಸಿ ಉಪವಾಸ ಕೂತರು. ಮೇ 13ಕ್ಕೆ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು. ಎದುರು ಮಾತಾಡಿದವರು ಸುಮ್ಮನಿದ್ದಿದ್ದರೆ ಆ ಡಬ್ಬಗಳು ಇನ್ನಷ್ಟು ವರ್ಷ ಮಾರಾಟವಾಗುತ್ತಿದ್ದವು.

ಕತೆ ಅಲ್ಲಿಗೆ ಮುಗಿಯಲಿಲ್ಲ, ಇದನ್ನು ಗಮನಿಸು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳಲ್ಲಿ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಐದು ವರ್ಷ ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ, 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಜನರಿಗೆ ಮಾತ್ರ ಎಂದು ಅದೇ ಕೋರ್ಟು ಕೇರಳ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ದೆಹಲಿಯ ವಿರುದ್ಧ ನಮ್ಮ ಜೊತೆ ನಿಂತ ರಾಜ್ಯವೇ ತನ್ನ ಸರದಿ ಬಂದಾಗ ಎಳೆದಾಡಿತು. ಹಾಗಾಗಿ ಯಾವ ಸರ್ಕಾರವನ್ನೂ ನಿನ್ನದು ಅಂತ ಬಿಟ್ಟುಕೊಡಬೇಡ.

ಕನ್ನಡದ ಸರ್ಕಾರಕ್ಕೂ ಇದು ಅನ್ವಯಿಸುತ್ತದೆ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸುಗಳನ್ನೂ ಬಿಡಲಿಲ್ಲ. ದೊಡ್ಡ ಆಸ್ಪತ್ರೆ ಅಂದರೆ ನಮಗೆ ಮಂಗಳೂರು, ನಿನಗೆ ಗೊತ್ತು. ಚಿಕಿತ್ಸೆ ಸಿಗದೆ ಜನ ಸತ್ತರು. ರಸ್ತೆ ತೆರೆಸಿ ಎಂದು ಕೇರಳ ಹೈಕೋರ್ಟು ಏಪ್ರಿಲ್ 1ರಂದು ಕೇಂದ್ರಕ್ಕೆ ಹೇಳಬೇಕಾಯಿತು. ಆಗ ನಾನು ಬರೆದೆ. 'ಕನ್ನಡದವರಾಗಿ ಕರ್ನಾಟಕಕ್ಕೇ ಬೈತೀರಾ?' ಎಂದು ಫೋನು ಬಂದವು. ಮಂಜೇಶ್ವರದ ಕನ್ನಡಿಗನ ಉಸಿರಿಗಿಂತ ಬೆಂಗಳೂರಿನ ಆದೇಶ ದೊಡ್ಡದು ಅನ್ನುವುದು ಯಾವ ಕನ್ನಡಾಭಿಮಾನ? ನನಗೆ ಆಗ ಅರ್ಥವಾಗಲಿಲ್ಲ, ಈಗಲೂ ಆಗುವುದಿಲ್ಲ. ನಮಗೆ ಬೇಕಾದ ಸರ್ಕಾರ, ನಾವು ವೋಟು ಹಾಕಿದ ಪಕ್ಷ ತಪ್ಪು ಮಾಡಿದಾಗ ಬರೆಯುವುದೇ ಕಷ್ಟದ ಕೆಲಸ. ಬೇಡದ ಸರ್ಕಾರವನ್ನು ಬೈಯಲು ಧೈರ್ಯ ಬೇಕಾಗಿಲ್ಲ.

ಕಾನೂನಿನ ಬಗ್ಗೆಯೂ ಕೇಳಿದ್ದೀಯ. ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸುವುದು ಅಪರಾಧ ಎಂಬ ರಾಜದ್ರೋಹದ 124ಎ ಕಲಮನ್ನು ಬ್ರಿಟಿಷರು 1870ರಲ್ಲಿ ತಂದರು. ತಿಲಕರು, ಗಾಂಧೀಜಿ ಅದರಡಿ ಜೈಲಿಗೆ ಹೋದರು. ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲು ಆಗುವುದಿಲ್ಲ ಎಂದು 1922ರಲ್ಲಿ ಅಹಮದಾಬಾದಿನ ಕೋರ್ಟಿನಲ್ಲಿ ಗಾಂಧೀಜಿ ಹೇಳಿದ್ದರು. ಹಿಂಸೆಗೆ ಅಥವಾ ಗಲಭೆಗೆ ಪ್ರಚೋದನೆ ಇದ್ದರೆ ಮಾತ್ರ ಆ ಕಲಂ, ಬರೀ ಟೀಕೆಗೆ ಅಲ್ಲ ಎಂದು ಸುಪ್ರೀಂ ಕೋರ್ಟು 1962ರ ಕೇದಾರನಾಥ್ ಸಿಂಗ್ ತೀರ್ಪಿನಲ್ಲಿ ಗೆರೆ ಎಳೆಯಿತು. 2022ರಲ್ಲಿ ಅದನ್ನು ತಡೆಹಿಡಿಯಿತು. 2024ರ ಜುಲೈಯಿಂದ ಹಳೆಯ ದಂಡಸಂಹಿತೆಯ ಜಾಗಕ್ಕೆ ಹೊಸ ನ್ಯಾಯ ಸಂಹಿತೆ ಬಂದಿದೆ. ದೇಶದ ಏಕತೆಗೆ ಅಪಾಯ ತರುವ ಕೃತ್ಯಗಳ ಬಗೆಗಿನ ಅದರ 152ನೇ ಕಲಮನ್ನು ನೀನೇ ಓದು, ಯಾರೋ ಹೇಳಿದ್ದನ್ನು ನಂಬಿ ಹೆದರಬೇಡ. ಹಾಗಂತ ಅಪಾಯವೇ ಇಲ್ಲ ಅಂತಲೂ ಹೇಳಲಾರೆ. ಕೊನೆಗೆ ಗೆದ್ದರೂ ಕೋರ್ಟಿಗೆ ಅಲೆಯುವುದೇ ಒಂದು ಶಿಕ್ಷೆ. ಅದಕ್ಕೇ ಪ್ರತಿ ವಾಕ್ಯಕ್ಕೂ ಕಾಗದದ ಆಧಾರ ಇಟ್ಟುಕೋ.

ಇನ್ನು ನಿನ್ನ ಲೇಖನದಲ್ಲಿ ನನಗೆ ನಿಜವಾಗಿ ಬೇಸರ ತಂದ ಒಂದು ವಾಕ್ಯ. 'ಮಲಯಾಳಿಗಳಿಗೆ ನಮ್ಮನ್ನು ಕಂಡರಾಗದು' ಅಂತ ಬರೆದಿದ್ದೀಯ. ಯಾವ ಮಲಯಾಳಿ? ಅಜ್ಜಿಯ ಫಾರಂ ತುಂಬಿಸಿಕೊಟ್ಟ ಹುಡುಗನೂ ಮಲಯಾಳಿಯೇ ಅಲ್ವಾ? ಲೀಲಾಕುಮಾರಿ ಅಮ್ಮನ ಮಾತೃಭಾಷೆಯೂ ಮಲಯಾಳ. ಸರ್ಕಾರ ಮಾಡಿದ್ದನ್ನು ನೆರೆಯವರ ತಲೆಗೆ ಕಟ್ಟಿದರೆ ಅದು ಟೀಕೆ ಅಲ್ಲ, ಅನ್ಯಾಯ. ಸರ್ಕಾರವನ್ನು ಟೀಕಿಸಿ ಯಾರೂ ದ್ರೋಹಿಯಾಗುವುದಿಲ್ಲ. ಸುಳ್ಳು ಬರೆದರೆ, ಪಕ್ಕದ ಮನೆಯವರ ಮೇಲೆ ದ್ವೇಷ ಹಬ್ಬಿಸಿದರೆ ಊರಿಗೆ ದ್ರೋಹವಾಗುತ್ತದೆ.

'ಸರ್ಕಾರ ನಮ್ಮನ್ನು ಕಡೆಗಣಿಸಿದೆ' ಎಂಬ ವಾಕ್ಯವೂ ಸಾಲದು. ಈ ಮಾತಿಗೆ ಯಾವ ಅಧಿಕಾರಿಯ ನಿದ್ದೆಯೂ ಕೆಡುವುದಿಲ್ಲ. ಟೀಚರನ್ನು ನೇಮಿಸಿದ ಆದೇಶ ಯಾವುದು, ತಾರೀಕು ಏನು, ಸಹಿ ಯಾರದು, ಕನ್ನಡ ಗೊತ್ತಿರಬೇಕು ಎಂಬ ಷರತ್ತು ಅದರಲ್ಲಿ ಇತ್ತೋ ಇಲ್ಲವೋ, ಇಷ್ಟನ್ನು ಬರೆ. ಕೇರಳ ಸರ್ಕಾರ ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಪಠ್ಯಪುಸ್ತಕ ಅಚ್ಚು ಹಾಕಿ ಕೊಡುತ್ತದೆ. ಅದನ್ನೂ ಬಿಡದೆ ಬರೆ. ಪುಸ್ತಕ ಕನ್ನಡದಲ್ಲಿದೆ, ಓದಿಸುವವರಿಗೆ ಕನ್ನಡ ಬರುವುದಿಲ್ಲ ಎಂದಾಗ ತಪ್ಪು ಎಲ್ಲಿದೆ ಎಂದು ಯಾರಿಗೂ ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯ ನಿನ್ನ ಲೇಖನದಲ್ಲಿ ಇರಲೇಬೇಕಿತ್ತು. ಕೇರಳದ 1969ರ ಆಡಳಿತ ಭಾಷಾ ಕಾನೂನಿನ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಪತ್ರ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯದ ಬಗ್ಗೆ ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಇಲ್ಲಿನ ಜನ ಬೀದಿಗಿಳಿದದ್ದು ಭಿಕ್ಷೆ ಬೇಡಲು ಅಲ್ಲ. ಸರ್ಕಾರ ತಾನೇ ಬರೆದುಕೊಟ್ಟ ಮಾತನ್ನು ನಡೆಸಿಕೊಡಲಿ ಅಂತ ಕೇಳಿದರು. ನೀನು ಕೇಳುತ್ತಿರುವುದೂ ಅಷ್ಟೇ.

ಈಗ ಮಾಡಬೇಕಾದ್ದು ಇದು. ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಆ ನೇಮಕಾತಿ ಆದೇಶದ ಪ್ರತಿ ಕೇಳಿ ಜಿಲ್ಲೆಯ ವಿದ್ಯಾಭ್ಯಾಸ ಕಚೇರಿಗೆ ಅರ್ಜಿ ಹಾಕು. ಕನ್ನಡದಲ್ಲೇ ಬರೆ. ಸ್ವೀಕರಿಸಿದ್ದಕ್ಕೆ ರಶೀದಿ ತೆಗೆದುಕೋ. ಉತ್ತರ ಬಂದರೂ, ಬಾರದಿದ್ದರೂ, ಮಲಯಾಳದಲ್ಲಿ ಬಂದರೂ ಅದು ನಿನ್ನ ಲೇಖನದ ಭಾಗವೇ. ಆಮೇಲೆ ತಿದ್ದಿದ ಪ್ರತಿ ನನಗೆ ಕಳಿಸು. ಕೆಳಗೆ ನಿನ್ನ ಪೂರ್ತಿ ಹೆಸರು, ಊರಿನ ಹೆಸರು ಇರಲಿ.

ಇಂತಿ ನಿನ್ನ,
ಮಾಸ್ಟ್ರು