ತಕ್ಕಡಿಯನ್ನು ಪಕ್ಕಕ್ಕಿಟ್ಟು ಬರಿ

ಪ್ರೀತಿಯ ತಮ್ಮಾ,

ಭಯೋತ್ಪಾದನೆ ಕೇಸುಗಳಲ್ಲಿ ಹಾಕುವ ಯುಎಪಿಎ ಕಾಯ್ದೆ ಬಗ್ಗೆ ನೀನು ಬರೆದ ಲೇಖನ ಎರಡು ಸಲ ಓದಿದೆ. ಸ್ಫೋಟದ ಸುದ್ದಿ ಬಂದ ರಾತ್ರಿ ನಿದ್ದೆ ಬರಲಿಲ್ಲ ಅಂತ ಶುರು ಮಾಡಿದ್ದೀಯಲ್ಲ, ಅದು ಹಾಗೇ ಇರಲಿ. ಆದರೆ ಎರಡನೇ ಪ್ಯಾರಾದಲ್ಲಿ ತಕ್ಕಡಿ ತಂದುಬಿಟ್ಟಿದ್ದೀಯ. ಒಂದು ತಟ್ಟೆಯಲ್ಲಿ ದೇಶದ ಭದ್ರತೆ, ಇನ್ನೊಂದರಲ್ಲಿ ಸ್ವಾತಂತ್ರ್ಯ. ಆಮೇಲೆ ಕೊನೆಯವರೆಗೂ ಬರೀ ತೂಗಾಟ. ಎಷ್ಟೋ ವರ್ಷ ನಾನೂ ಹೀಗೇ ಬರೆದೆ. ಅದನ್ನು ಬಿಟ್ಟದ್ದು ಮಲೆ ಮಹದೇಶ್ವರ ಬೆಟ್ಟದ ಕಡೆ ಹೋಗಿಬಂದ ಮೇಲೆ.

1993ರ ಏಪ್ರಿಲ್ 9ರಂದು ಆ ಬೆಟ್ಟದ ಹತ್ತಿರದ ಪಾಲಾರ್ ಬಳಿ ವೀರಪ್ಪನ್ ಗುಂಪು ಹೂತಿಟ್ಟಿದ್ದ ನೆಲಬಾಂಬ್ ಸಿಡಿದು 22 ಜನ ಸತ್ತರು. ಪೊಲೀಸರು, ಅರಣ್ಯ ಇಲಾಖೆಯವರು, ಮಾಹಿತಿ ಕೊಡಲು ಜೊತೆಗೆ ಹೋಗಿದ್ದವರು. ಆಗ ಭಯೋತ್ಪಾದನೆ ತಡೆಯಲು ಅಂತ ತಂದಿದ್ದ ಟಾಡಾ ಕಾಯ್ದೆ ಇತ್ತು. ಬೆಟ್ಟದ ಹಳ್ಳಿಗಳ ನೂರಕ್ಕೂ ಹೆಚ್ಚು ಜನರ ಮೇಲೆ ಅದರಡಿ ಕೇಸು ಬಿತ್ತು. ಅನೇಕರು ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದರು.

ಟಾಡಾ ಏನು ಮಾಡುತ್ತಿತ್ತು ಅನ್ನುವುದನ್ನು ನೀನು ಬಿಡಿಸಿ ಬರೆಯಬೇಕು. 'ಕಠಿಣ ಕಾಯ್ದೆ' ಅಂದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಮಾಮೂಲಿ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿ ಆಗುವುದಿಲ್ಲ. ಟಾಡಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಆಗುತ್ತಿತ್ತು. ಜಾಮೀನು ಬೇಕಾದರೆ, ಇವನು ತಪ್ಪು ಮಾಡಿಲ್ಲ ಅಂತ ನಂಬಲು ಕಾರಣ ಇದೆ ಎಂದು ವಿಚಾರಣೆಗೆ ಮೊದಲೇ ಜಡ್ಜ್‌ಗೆ ಅನ್ನಿಸಬೇಕಿತ್ತು. 1995ರ ಮೇ ತಿಂಗಳಲ್ಲಿ ಈ ಕಾಯ್ದೆಯ ಅವಧಿ ಮುಗಿಯಿತು. ಅದರಡಿ ಒಳಗೆ ಹಾಕಿದವರು ಮಾತ್ರ ಒಳಗೇ ಉಳಿದರು.

ಆ ಬೆಟ್ಟದ ಸಾಲಿನ ಒಂದು ಹಳ್ಳಿಯಲ್ಲಿ ಒಬ್ಬಾಕೆಯನ್ನು ಮಾತಾಡಿಸಿದೆ. ಗಂಡ ಜೈಲಿಗೆ ಹೋದಾಗ ಮಗ ಇನ್ನೂ ಎದೆಹಾಲು ಕುಡಿಯುತ್ತಿದ್ದ. ವರ್ಷಕ್ಕೆ ಎರಡು ಮೂರು ಸಲ ಮೈಸೂರಿಗೆ ಹೋಗುತ್ತಿದ್ದಳು. ಬಸ್ ಚಾರ್ಜಿಗೆ ಕೂಲಿ ದುಡ್ಡು ಕೂಡಿಡಬೇಕಿತ್ತು. "ಕಂಬಿ ಆಚೆ ಅವ್ರು, ಈಚೆ ನಾವು. ಗಲಾಟೇಲಿ ಮಾತು ಕೇಳ್ತಿರ್ನಿಲ್ಲ. ಮಗೀನ್ ಮಕ ತೋರ್ಸಿ ಬತ್ತಿದ್ದೆ" ಅಂದಳು. ಮಾತಾಡುತ್ತಲೇ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಗಂಡ ಬಿಡುಗಡೆಯಾಗಿ ಸಂಜೆ ಹೊತ್ತು ಬಾಗಿಲಿಗೆ ಬಂದಾಗ, ಮಗ ಒಳಗೆ ಓಡಿಬಂದು "ಯಾರೋ ಬಂದವ್ರೆ ಕಣವ್ವ" ಅಂದನಂತೆ. ಇಷ್ಟು ಹೇಳಿದವಳು ಮೊರ ಕೆಳಗಿಟ್ಟು ಸುಮ್ಮನೆ ಕೂತಳು. ನನಗೂ ಮುಂದಿನ ಪ್ರಶ್ನೆ ಕೇಳಲು ಆಗಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ನೀನು ಅರ್ಧ ಕಥೆ ಹೇಳಿದ ಹಾಗೆ. 2000ದ ಜುಲೈ 30ರಂದು ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದ. ಅವನ ಬೇಡಿಕೆಗಳಲ್ಲಿ ಟಾಡಾ ಕೈದಿಗಳ ಬಿಡುಗಡೆಯೂ ಒಂದು. ಇಡೀ ರಾಜ್ಯ ಉಸಿರು ಬಿಗಿಹಿಡಿದಿತ್ತು. ಸರ್ಕಾರ ಕೇಸು ವಾಪಸ್ ಪಡೆಯಲು ಹೊರಟಿತು. ಆಗ ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಂ. ಅವರ ಮಗ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್, 1992ರ ಆಗಸ್ಟ್‌ನಲ್ಲಿ ವೀರಪ್ಪನ್ ಗುಂಪಿನ ಗುಂಡಿಗೆ ಬಲಿಯಾಗಿದ್ದರು. ಬೆದರಿಕೆಗೆ ಮಣಿದು ಕೇಸು ಕೈಬಿಡಬಾರದು ಅನ್ನುವುದು ಆ ತಂದೆಯ ವಾದ. ನವೆಂಬರ್ 7ರಂದು ಕೋರ್ಟು ಅವರ ಮಾತನ್ನು ಎತ್ತಿಹಿಡಿಯಿತು. ಆ ಹೊತ್ತಿನಲ್ಲಿ ಹಾಗೆ ಕೇಳಲು ಎಂಥ ಗಟ್ಟಿ ಮನಸ್ಸು ಬೇಕು, ಯೋಚನೆ ಮಾಡು.

ವಿಚಾರಣೆ ನಡೆಯಿತು. 2001ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಟಾಡಾ ಕೋರ್ಟು ನೂರಕ್ಕೂ ಹೆಚ್ಚು ಜನರನ್ನು ಖುಲಾಸೆ ಮಾಡಿತು. ಶಿಕ್ಷೆಯಾದದ್ದು ಬೆರಳೆಣಿಕೆಯ ಮಂದಿಗೆ.

ಈಗ ಹೇಳು, ತಕ್ಕಡಿಯಲ್ಲಿ ಯಾವುದನ್ನು ಎಲ್ಲಿಡುತ್ತೀಯ? ಸ್ವಾತಂತ್ರ್ಯ ಕಳೆದುಕೊಂಡವರು ಬೆಟ್ಟದ ಕೂಲಿಗಳು. ಅದರಿಂದ ಭದ್ರತೆ ಸಿಕ್ಕಿತು ಅಂತ ಅಂದುಕೊಂಡವರು ಊರುಗಳಲ್ಲಿ ಇದ್ದ ನಾವು. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಸಿಕ್ಕಿದ್ದಾದರೂ ಏನು? ಅಷ್ಟು ಜನರನ್ನು ಒಳಗೆ ಹಾಕಿದರೂ ವೀರಪ್ಪನ್ ಕಾಡಿನಲ್ಲೇ ಇದ್ದ, 2004ರವರೆಗೂ. ತಪ್ಪು ಮಾಡದವರನ್ನು ಹಿಡಿದಿಟ್ಟರೆ ಸತ್ತ ಪೊಲೀಸಿನವನ ಮನೆಗೂ ನ್ಯಾಯ ಸಿಗುವುದಿಲ್ಲ. ಅಬ್ದುಲ್ ಕರೀಂ ಕೇಳಿದ್ದು ವಿಚಾರಣೆ. ರಾಗಿ ಕೇರುತ್ತಿದ್ದ ಆ ಹೆಂಗಸಿಗೂ ಬೇಕಿದ್ದದ್ದು ಅದೇ, ಬೇಗ. ಇಬ್ಬರನ್ನೂ ಎದುರುಬದುರು ನಿಲ್ಲಿಸುವವರು ಬರೆಯುವ ನಾವೇ, ಅಲ್ವಾ?

ನಾನೂ ನಿಲ್ಲಿಸಿದ್ದೆ. ವರದಿಗಾರ್ತಿಯಾಗಿ ಹೊಸದರಲ್ಲಿ, ಪೊಲೀಸರು ಕೊಟ್ಟ ಪಟ್ಟಿ ನೋಡಿ, ಹಿಡಿದವರನ್ನೆಲ್ಲ 'ವೀರಪ್ಪನ್ ಸಹಚರರು' ಅಂತ ಬರೆದೆ. 'ಆರೋಪಿ' ಅನ್ನುವ ಮೂರಕ್ಷರ ಹಾಕಲಿಲ್ಲ. ಅವರು ಖುಲಾಸೆಯಾದ ಸುದ್ದಿ ಒಳಪುಟದಲ್ಲಿ ಎರಡು ಇಂಚು ಬಂತು. ಈಗಲೂ ನೆನೆದರೆ ಸಂಕಟ ಆಗುತ್ತದೆ.

ನೀನು ಬರೆಯುತ್ತಿರುವುದು ಯುಎಪಿಎ ಬಗ್ಗೆ. ಹಾಗಾದರೆ ಅದರ 43ಡಿ ಕಲಮನ್ನು ಕೂತು ಓದು. ಮುಂಬೈ ದಾಳಿಯ ಮರುತಿಂಗಳು, 2008ರ ಡಿಸೆಂಬರ್‌ನಲ್ಲಿ, ಸೇರಿಸಿದ್ದು. ಆರೋಪಪಟ್ಟಿಗೆ ಮಾಮೂಲಿ 60 ಅಥವಾ 90 ದಿನದ ಬದಲು 180 ದಿನದವರೆಗೆ ಅವಕಾಶ. ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಜಾಮೀನಿಲ್ಲ. ಟಾಡಾದ ಹಾಗೆ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಇದರಲ್ಲಿ ನಡೆಯುವುದಿಲ್ಲ, ಅದನ್ನೂ ಮರೆಯದೆ ಬರಿ. ವಿಚಾರಣೆ ತೀರಾ ಎಳೆದರೆ ಜಾಮೀನು ಕೊಡಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆಮೇಲೆ ಒಂದೇ ಒಂದು ಕೇಸು ಹಿಡಿ. ಬಂಧನದ ತಾರೀಖು ಯಾವುದು, ಸಾಕ್ಷಿ ವಿಚಾರಣೆ ಶುರುವಾದದ್ದು ಯಾವತ್ತು, ಗುರುತು ಹಾಕಿಕೋ. ನಡುವಿನ ಆ ವರ್ಷಗಳೇ ನಿನ್ನ ಲೇಖನ. ಸ್ಫೋಟದಲ್ಲಿ ಗಾಯಗೊಂಡವರ ಮನೆಗೂ ಹೋಗು. ಮೊದಲು ಅಲ್ಲಿಗೇ ಹೋಗು.

ತಿದ್ದಿದ ಮೇಲೆ ಕಳಿಸು, ಅವಸರ ಇಲ್ಲ. ಮುಂದಿನ ತಿಂಗಳು ನಾನು ಕೊಳ್ಳೇಗಾಲಕ್ಕೆ ಹೋಗುವವಳಿದ್ದೇನೆ. ಬರುವುದಾದರೆ ಹೇಳು, ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕು.

ನಿನ್ನ
ಅಕ್ಕ