ಲೇತ್ ಕೆಲಸ ಕಲಿಯುವವರು ಬೇಕಾಗಿದ್ದಾರೆ

ಮಾನ್ಯ ಸಂಪಾದಕರೇ,

ಕೊಡಗಿನ ಗೋಣಿಕೊಪ್ಪದಲ್ಲಿ ಮೂವತ್ತು ವರ್ಷದಿಂದ ನನ್ನದೊಂದು ಲೇತ್ ಅಂಗಡಿ ಇದೆ. ಲೇತ್ ಅಂದರೆ ಲೋಹವನ್ನು ತಿರುಗಿಸುತ್ತಾ ಕೆತ್ತಿ ಬಿಡಿಭಾಗ ಮಾಡುವ ಮಷಿನ್. ಕಾಫಿ ಕೊಯ್ಲು ಶುರುವಾದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಷಿನ್ನಿನ ಶಾಫ್ಟು, ಗನ್‌ಮೆಟಲ್ ಬುಷ್ಷು, ಪಂಪು ಎಲ್ಲ ನನ್ನ ಬಾಗಿಲಿಗೇ ಬರುತ್ತವೆ. ಕೊಯ್ದ ಹಣ್ಣು ಅವತ್ತೇ ಪಲ್ಪ್ ಆಗಬೇಕು, ಇಟ್ಟರೆ ಹುಳಿಯುತ್ತದೆ. ಹಾಗಾಗಿ ರಾತ್ರಿ ಹತ್ತಕ್ಕೂ ಜೀಪು ಬಂದು ನಿಲ್ಲುತ್ತದೆ.

ನನ್ನ ಲೇತ್ ಎಚ್‌ಎಂಟಿಯದು. ಸೆಕೆಂಡ್ ಹ್ಯಾಂಡ್ ತಂದದ್ದು, ಇವತ್ತಿಗೂ ಕೂದಲೆಳೆಯಷ್ಟು ಆಚೀಚೆ ಆಗುವುದಿಲ್ಲ. 1953ರಲ್ಲಿ ಹುಟ್ಟಿದ ಆ ಕಂಪನಿ ಮಷಿನ್ ಮಾಡುವ ಮಷಿನ್‌ಗಳನ್ನೇ ಮಾಡುತ್ತಿತ್ತು. ಜನರಿಗೆ ನೆನಪಿರುವುದು ಮಾತ್ರ ವಾಚು. 2016ರಲ್ಲಿ ವಾಚ್ ವಿಭಾಗ ಮುಚ್ಚಲು ಕೇಂದ್ರ ತೀರ್ಮಾನಿಸಿದಾಗ ಎಲ್ಲರೂ ಅಪ್ಪನ ವಾಚಿನ ಕತೆ ಹೇಳಿದ್ದೇ ಹೇಳಿದ್ದು. (ನಾನೂ ಹೇಳಿದೆ, ಸುಳ್ಳೇಕೆ?) ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚು ಬಂದ ಮೇಲೂ ಕೀ ಕೊಡುವ ವಾಚನ್ನೇ ನೆಚ್ಚಿಕೊಂಡದ್ದು ಅವರ ತಪ್ಪು, ಇರಲಿ. ಆದರೆ ದೊಡ್ಡ ಕಾರ್ಖಾನೆಗಳಲ್ಲಿ ಪಳಗಿದ ಟರ್ನರ್‌ಗಳೇ, ಅಂದರೆ ಲೇತ್ ಕೆಲಸದವರೇ, ಎಷ್ಟೋ ಊರುಗಳಲ್ಲಿ ಅಂಗಡಿ ಇಟ್ಟರು, ಹುಡುಗರಿಗೆ ಕಲಿಸಿದರು. ನನಗೆ ಟೂಲ್ ಸಾಣೆ ಹಿಡಿಯುವುದು ಕಲಿಸಿದ ಮೇಸ್ತ್ರಿಯೂ ಅಂಥವರೇ. ಆ ಬೇರು ಒಣಗಿತು.

ಹೋದ ವಾರ ಒಬ್ಬರು ಚೀನಾದ ವೀಡ್ ಕಟರ್ ತಂದರು. ಶಾಫ್ಟು ಸವೆದಿತ್ತು. ನಾನು ಮಾಡಿಕೊಟ್ಟರೆ ಅರ್ಧ ದಿನದ ಕೆಲಸ. ಅಂಗಡಿಯಲ್ಲಿ ಹೊಸದೇ ಅದಕ್ಕಿಂತ ಅಗ್ಗ. ಅವರನ್ನು ಬೈಯಲಾ? ನಾನಾಗಿದ್ದರೂ ಅದನ್ನೇ ಕೊಳ್ಳುತ್ತಿದ್ದೆ.

ಜಿಡಿಪಿಯಲ್ಲಿ ತಯಾರಿಕೆಯ ಪಾಲು 2022ಕ್ಕೆ ಶೇ 25 ಆಗಬೇಕೆಂದು ಕೇಂದ್ರದ 2011ರ ತಯಾರಿಕಾ ನೀತಿ ಹೇಳಿತು. 2014ರ ಮೇಕ್ ಇನ್ ಇಂಡಿಯಾವೂ ಅದನ್ನೇ ಹೇಳಿತು. ಶೇ 20ನ್ನೂ ಮುಟ್ಟಲಿಲ್ಲ.

ಅಪ್ರೆಂಟಿಸ್ ಇಟ್ಟುಕೊಂಡರೆ ಸ್ಟೈಪೆಂಡಿನಲ್ಲಿ ಒಂದು ಪಾಲು ಸರ್ಕಾರ ಕೊಡುತ್ತದೆ ಎಂದು ಕೇಳಿ ಖುಷಿಯಾಗಿ ವಿಚಾರಿಸಿದೆ. ಅಂಗಡಿಯಲ್ಲಿ ಕನಿಷ್ಠ ನಾಲ್ಕು ಜನ ಇರಬೇಕಂತೆ. ನಮ್ಮಲ್ಲಿರುವುದು ನಾನು, ಇನ್ನೊಬ್ಬ ವೆಲ್ಡರ್. ಐಟಿಐ ಮುಗಿಸಿದ ಹುಡುಗನೊಬ್ಬ ಮೂರು ತಿಂಗಳು ಇದ್ದ. ಕೈ ಚೆನ್ನಾಗಿತ್ತು. ಈಗ ಹೋಂಸ್ಟೇಯ ಜೀಪು ಓಡಿಸುತ್ತಾನೆ. ನಾನು ಕೊಡುತ್ತಿದ್ದುದಕ್ಕಿಂತ ಜಾಸ್ತಿ ಸಿಗುತ್ತದೆ, ಹೋಗದೆ ಏನು ಮಾಡ್ತಾನೆ ಅಲ್ವಾ?

ಕೊಡಗಿಗೆ ದೊಡ್ಡ ಫ್ಯಾಕ್ಟರಿ ಬೇಡ. ಕಾಡು, ಕಾವೇರಿ ಇರುವ ಜಾಗ ಇದು. ಅಪ್ರೆಂಟಿಸ್ ಇಟ್ಟುಕೊಳ್ಳಲು ಬೇಕಾದ ಆ ನಾಲ್ಕು ಜನವನ್ನು ಎರಡು ಮಾಡಲಿ, ಅಷ್ಟೇ ನಾನು ಕೇಳುವುದು. ಮತ್ತೆ, ಕಲಿಯುವ ಆಸೆ ಇರುವ ಹುಡುಗರೋ ಹುಡುಗಿಯರೋ ಇದ್ದರೆ ನವೆಂಬರ್‌ಗೆ ಮುಂಚೆ ಬರಲಿ. ಆಮೇಲೆ ಪಲ್ಪರ್ ಗಲಾಟೆಯಲ್ಲಿ ನನಗೆ ಪುರಸೊತ್ತು ಇರುವುದಿಲ್ಲ.

— ಒಬ್ಬ ಟರ್ನರ್, ಗೋಣಿಕೊಪ್ಪ